ಹದಿನಾಲ್ಕು ಚದರ ಮೀಟರ್

ಶಾಲೆಯ ಕಾರ್ಯದರ್ಶಿ ಹೊನ್ನಯ್ಯನವರು ವನಜಾಕ್ಷಿಯ ಹೊಲಿಗೆ ಮೆಷಿನ್ನಿನ ಹತ್ತಿರ ತಲುಪಬೇಕಾದರೆ ತುಮಕೂರಿನ ಚಿಕ್ಕಪೇಟೆ ರಸ್ತೆ ಬಿಟ್ಟು ಪಕ್ಕದ ಓಣಿಗೆ ತಿರುಗಬೇಕಾಯಿತು. ಆಮೇಲೆ ಬಚ್ಚಲಿನ ಬಾಗಿಲು ದಾಟಿ, ತಂತಿಯ ಮೇಲೆ ಒಣಗುತ್ತಿದ್ದ ಸೀರೆಯನ್ನು ಕೈಯಿಂದ ಸರಿಸಿ, ಅಡುಗೆಮನೆಯಲ್ಲಿ ಮುದ್ದೆ ತೊಳಸುತ್ತಿದ್ದ ಅತ್ತೆ ಮಹಾಲಕ್ಷ್ಮಮ್ಮನಿಗೆ ನಮಸ್ಕಾರ ಹೇಳಿ, ಕೊನೆಗೆ ನಡುಮನೆಗೆ ಬಂದು ಕೂತರು. ಸೀರೆಯ ನೀರು ಅವರ ಕನ್ನಡಕದ ಮೇಲೆ ತೊಟ್ಟಿಕ್ಕಿತ್ತು. ಅದನ್ನು ಒರೆಸಿಕೊಳ್ಳುತ್ತಲೇ ಮಾತು ಶುರುಮಾಡಿದರು.

"ನಿನ್ನ ಹೊಲಿಗೆ ನಾನು ನೋಡಿದೀನಿ ಕಣಮ್ಮ. ನಮ್ಮ ಮನೆಯೋಳ ರವಿಕೆ ಎಲ್ಲಾ ನಿನ್ನ ಕೈದೇ. ಈ ವರ್ಷ ಸ್ಕೂಲಿನ ಯೂನಿಫಾರಂ ಅಷ್ಟೂ ನಿನಗೇ ಕೊಡ್ಬೇಕು ಅಂತ ನನ್ನ ಮನಸ್ಸು. ಇನ್ನೂರ ನಲವತ್ತು ಜೊತೆ."

ವನಜಾಕ್ಷಿಯ ಕೈಯಲ್ಲಿದ್ದ ಕತ್ತರಿ ಅಲ್ಲೇ ನಿಂತಿತು. "ಕೊಡಿ ಸರ್, ಹೊಲೀತೀನಿ."

"ಕೊಡ್ತೀನಿ ಬುಡು. ಆದ್ರೆ ಕಮಿಟಿಯೋರು ಒಪ್ಪಬೇಕಲ್ಲ? ನೂರಿಪ್ಪತ್ತು ಮಕ್ಕಳು, ಅವರ ಅಪ್ಪ ಅಮ್ಮ, ಎಲ್ಲಾ ಅಳತೆ ಕೊಡೋಕೆ ಈ ಬಚ್ಚಲು ದಾಟ್ಕೊಂಡು ಬರ್ತಾರಾ? ರಸ್ತೆಗೆ ಒಂದು ಜಾಗ ಇರ್ಬೇಕು, ಒಂದು ಬೋರ್ಡ್ ಇರ್ಬೇಕು. ಏಪ್ರಿಲ್ ಹತ್ತಕ್ಕೆ ಸ್ಕೂಲ್ ಮುಚ್ತೀವಿ, ಅದರೊಳಗೆ ಅಳತೆ ಆಗ್ಬೇಕು. ಮಾರ್ಚ್ ಕೊನೇ ಶನಿವಾರ ಕಮಿಟಿಯೋರನ್ನ ಕರ್ಕೊಂಡು ಬರ್ತೀನಿ. ಜಾಗ ತೋರಿಸು, ಆರ್ಡರ್ ನಿಂದು. ಇಲ್ದಿದ್ರೆ ಬಿ.ಎಚ್. ರಸ್ತೆ ಟೈಲರಿಗೆ ಹೋಗುತ್ತೆ."

ಅವರು ಹೋದ ಮೇಲೆ ವನಜಾಕ್ಷಿ ಅರ್ಧ ಗಂಟೆ ಮೆಷಿನ್ ತುಳಿಯಲೇ ಇಲ್ಲ. ಚೇಳೂರಿನ ತವರಿನಿಂದ ಈ ಮನೆಗೆ ಬಂದು ಹದಿನೈದು ವರ್ಷವಾಗಿತ್ತು. ಅಷ್ಟೂ ವರ್ಷ ಅವಳು ಪಕ್ಕದ ಬೀದಿಯ ಹೆಂಗಸರ ರವಿಕೆ ಹೊಲಿದಿದ್ದಳು, ಲಂಗ ಹೊಲಿದಿದ್ದಳು, ಹಳೇ ಸೀರೆಗೆ ಫಾಲ್ಸ್ ಹಾಕಿದ್ದಳು. ಯಾರೂ ಅವಳನ್ನು ಟೈಲರ್ ಅಂದಿರಲಿಲ್ಲ. "ವನಜ ಮನೇಲಿ ಕೂತ್ಕೊಂಡು ಹೊಲೀತಾಳೆ" ಅಂತಲೇ ಎಲ್ಲರ ಮಾತು. ಇನ್ನೂರ ನಲವತ್ತು ಜೊತೆ ಅನ್ನುವುದು ಅವಳ ಎದೆಯೊಳಗೆ ಕೂತು ಕುಣಿಯತೊಡಗಿತು.

ತಮಾಷೆ ಏನೆಂದರೆ, ಆ ಮನೆಗೆ ರಸ್ತೆಗೆ ಮುಖ ಮಾಡಿದ ಅಂಗಡಿ ಇತ್ತು. ಇದ್ದರೇನು ಬಂತು, ಇದ್ದೂ ಇಲ್ಲದ ಹಾಗೆ. ಮಾವ ಅಂಜಿನಪ್ಪ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದಾಗ ಕಟ್ಟಿಸಿದ ಮನೆ ಅದು. ಮುಂದಿನ ಅಂಗಡಿಯನ್ನು ಎಪ್ಪತ್ತೊಂದರಲ್ಲಿ ಕುಣಿಗಲ್ ಕಡೆಯ ವೀರಭದ್ರಯ್ಯನಿಗೆ ಬಾಡಿಗೆಗೆ ಕೊಟ್ಟರು. ವೀರಭದ್ರಯ್ಯ ಅಲ್ಲಿ ಗ್ರಂದಿಗೆ ಅಂಗಡಿ ಇಟ್ಟ. ಅರಿಶಿನ, ಕುಂಕುಮ, ಕರ್ಪೂರ, ಬಜೆ, ಅಳಲೆಕಾಯಿ, ಮದುವೆ ಮನೆಗೆ ಬೇಕಾದ ಸಾಮಾನೆಲ್ಲ ಅಲ್ಲಿ ಸಿಗುತ್ತಿತ್ತು. ಮಗ ರವೀಶ್ ದೊಡ್ಡವನಾದಾಗ ಅಂಜಿನಪ್ಪ ಅಂಗಡಿ ಬಿಡಿ ಅಂದರು. ವೀರಭದ್ರಯ್ಯ ಬಿಡಲಿಲ್ಲ. ಎಂಬತ್ತಾರರಲ್ಲಿ ಕೇಸು ಹಾಕಿದರು. ಆಗಿನ ಕಾಯ್ದೆಯಲ್ಲಿ ಬಾಡಿಗೆದಾರನನ್ನು ಎಬ್ಬಿಸುವುದು ಹುಡುಗಾಟವಲ್ಲ. ಮಾಲೀಕನಿಗೆ ಅಂಗಡಿ ನಿಜವಾಗಿ ಬೇಕೋ, ಎಬ್ಬಿಸಿದರೆ ಯಾರಿಗೆ ಹೆಚ್ಚು ಕಷ್ಟ ಎಂದು ಕೋರ್ಟು ತೂಗಿ ನೋಡುತ್ತಿತ್ತು. ತೂಗುವುದಕ್ಕೆ ಒಂಬತ್ತು ವರ್ಷ ಹಿಡಿಯಿತು. ಅಷ್ಟರಲ್ಲಿ ರವೀಶನಿಗೆ ಸಹಕಾರ ಸಂಘದಲ್ಲಿ ಗುಮಾಸ್ತೆ ಕೆಲಸ ಸಿಕ್ಕಿತು. "ಮಗನಿಗೆ ಕೆಲಸ ಇದೆ, ಬಾಡಿಗೆದಾರನಿಗೆ ಬೇರೆ ಅಂಗಡಿ ಇಲ್ಲ" ಎಂದು ಕೇಸು ಬಿದ್ದುಹೋಯಿತು. ಬೇಗ ತೀರ್ಪಾಗಿದ್ದರೆ ಕೆಲಸವಿಲ್ಲದ ಮಗನಾದರೂ ಅಂಗಡಿ ಗೆದ್ದಿರುತ್ತಿದ್ದ.

ಗೆದ್ದ ವೀರಭದ್ರಯ್ಯ ಪೇಡ ಹಂಚಿದ. ಅಷ್ಟಕ್ಕೇ ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಅಂಗಡಿಯ ಮುಂದೆ ನಾಲ್ಕಡಿ ಅಗಲದ ಕಲ್ಲಿನ ಜಗಲಿ ಇತ್ತು. ಅದು ಮನೆಯವರದು. ಸಂಜೆ ಹೊತ್ತು ಅಂಜಿನಪ್ಪ ಅಲ್ಲೇ ಕೂತು ಬೀದಿ ನೋಡುತ್ತಿದ್ದರು. ವೀರಭದ್ರಯ್ಯ ಎರಡೂ ಪಕ್ಕಕ್ಕೆ ತಗಡು ಹೊಡೆಸಿ, ರೋಲಿಂಗ್ ಶಟರನ್ನು ಜಗಲಿಯ ತುದಿಗೆ ತಂದು ನಿಲ್ಲಿಸಿ, ಜಗಲಿಯನ್ನು ಇಡಿಯಾಗಿ ಅಂಗಡಿಯೊಳಗೆ ನುಂಗಿಬಿಟ್ಟ. ಅಂದಿನಿಂದ ಎರಡು ಮನೆಗಳ ಗಂಡಸರಿಗೆ ಮಾತಿಲ್ಲ.

ಆ ದಿನ ಊಟಕ್ಕೆ ಕೂತಾಗ ವನಜಾಕ್ಷಿ ವಿಷಯ ಎತ್ತಿದಳು. ರವೀಶ್ ಮುದ್ದೆ ಮುರಿಯುತ್ತಿದ್ದವನು ತಲೆಯೆತ್ತಲಿಲ್ಲ.

"ಆ ಕೇಸಿನ ಮಾತು ಈ ಮನೇಲಿ ಇನ್ನೊಂದ್ಸಲ ಬೇಡ ಕಣೇ. ನನ್ನ ಅರ್ಧ ವಯಸ್ಸು ಕೋರ್ಟ್ ಕಾಂಪೌಂಡಲ್ಲೇ ಹೋಯ್ತು."

"ರೀ, ನಾನೇನು ನಿಮ್ಮನ್ನ ಕೋರ್ಟಿಗೆ ಹೋಗಿ ಅಂದ್ನಾ? ಒಂದು ಮಾತು ಕೇಳ್ನೋಡಿ ಅಂದೆ."

"ಯಾರನ್ನ? ವೀರಭದ್ರಯ್ಯನ್ನಾ? ಕೇಳಿದ್ರೆ ಕೊಡೋ ಆಸಾಮಿ ಆಗಿದ್ರೆ ಒಂಬತ್ತು ವರ್ಷ ಯಾಕ್ ಬೇಕಿತ್ತು?"

ಅಂಜಿನಪ್ಪ ತಟ್ಟೆಯನ್ನು ತಿರುಗಿಸಿ ಇಟ್ಟರು. ಎಪ್ಪತ್ತೆರಡು ವಯಸ್ಸಾದರೂ ಅವರ ದನಿ ಇನ್ನೂ ಬಸ್ಸಿನ ಹಿಂದಿನ ಸೀಟಿಗೆ ಕೇಳುವಂಥದ್ದು. "ಸೈಟು ನಂದು, ಇಟ್ಟಿಗೆ ನಂದು, ಕಂದಾಯ ಕಟ್ಟೋನು ನಾನು. ಮನೆ ಸೊಸೆ ಬಚ್ಚಲು ಪಕ್ಕ ಕೂತ್ಕೊಂಡು ಹೊಲೀಬೇಕು. ಇದ್ಯಾವ ನ್ಯಾಯ ಕಣೋ? ನಮ್ಮನೆ ಮುಂದೆ ನಾವೇ ಬಾಡಿಗೆದಾರ್‍ರಾಗ್ಬಿಟ್ವಿ!"

"ಅವರೂ ಮೂವತ್ತು ವರ್ಷದಿಂದ ಅವ್ರೆ," ಎಂದು ಮಹಾಲಕ್ಷ್ಮಮ್ಮ ಬಸ್ಸಾರು ಬಡಿಸುತ್ತಾ ಮೆಲ್ಲಗೆ ಅಂದರು. "ಎಬ್ಬಿಸಿದ್ರೆ ಎಲ್ಲಿಗೋಗ್ತಾರೆ?"

"ನೀನ್ ಅವ್ನ ಲಾಯರ್ರಾ? ಸಾರು ಬಡ್ಸು ಸುಮ್ನೆ!"

ಎಂಟನೇ ಕ್ಲಾಸಿನ ಮೊಮ್ಮಗಳು ಕೃತಿಕಾ ಇಷ್ಟನ್ನೂ ಕೇಳಿ, "ತಾತ, ಹೊಸ ಬಾಡಿಗೆ ಕಾಯ್ದೆ ಬಂದಿದೆ ಅಂತ ಪೇಪರಲ್ಲಿತ್ತು. ನಮ್ಮ ಮಿಸ್ ಓದಿಸಿದ್ರು" ಅಂದಳು. ಅಂಜಿನಪ್ಪನ ಕೈಯಲ್ಲಿದ್ದ ಮುದ್ದೆ ಬಾಯಿಗೆ ಹೋಗುವ ದಾರಿಯಲ್ಲೇ ನಿಂತಿತು.

ಮಾರನೇ ದಿನ ಬೆಳಿಗ್ಗೆಯೇ ಮಾವ ಸೊಸೆ ಇಬ್ಬರೂ ಕೋರ್ಟ್ ಹತ್ತಿರದ ವಕೀಲ ರಂಗನಾಥ್ ಅವರ ಕೋಣೆಯಲ್ಲಿ ಹಾಜರು. ಹಳೇ ಕೇಸು ನಡೆಸಿದ ವಕೀಲರ ಹತ್ತಿರ ಜೂನಿಯರ್ ಆಗಿದ್ದವರು ಇವರೇ. ಅಂಜಿನಪ್ಪನನ್ನು ನೋಡಿದ ಕೂಡಲೇ ನಕ್ಕರು.

"ಬನ್ನಿ ಡ್ರೈವರ್ ಸಾಹೇಬ್ರೇ. ನೀವು ಬರ್ತೀರಿ ಅಂತ ಗೊತ್ತಿತ್ತು. ಈ ವರ್ಷ, ಎರಡು ಸಾವಿರದ ಎರಡು ಶುರುವಾಗೋ ಹೊತ್ತಿಗೆ ಹೊಸ ಕಾಯ್ದೆ ಜಾರಿಗೆ ಬಂತು. ಸಣ್ಣ ಅಂಗಡಿಯೋರಿಗೆ ಮಾತ್ರ ರಕ್ಷಣೆ. ಹದಿನಾಲ್ಕು ಚದರ ಮೀಟರಿಗಿಂತ ದೊಡ್ಡ ಅಂಗಡಿ ಆದ್ರೆ ಬಾಡಿಗೆ ಕಾಯ್ದೆಯಿಂದ ಹೊರಗೆ. ಹದಿನೈದು ದಿನದ ನೋಟಿಸ್ ಕೊಟ್ಟು ದಾವೆ ಹಾಕ್ಬಹುದು. ಯಾಕೆ ಬೇಕು, ಯಾರಿಗೆ ಕಷ್ಟ, ಆ ತಕ್ಕಡಿನೇ ಇಲ್ಲ. ಸೋಲೋದು ಖಂಡಿತ ಅಂತ ಗೊತ್ತಾದ್ರೆ ಎಷ್ಟೋ ಜನ ನೋಟಿಸಿಗೇ ರಾಜಿಗೆ ಬರ್ತಾರೆ."

"ಮೀಟರ್ ಗೀಟರ್ ನಂಗ್ ತಿಳಿಯಾಕಿಲ್ಲ. ಅಡೀಲಿ ಹೇಳಿ ಸ್ವಾಮಿ."

"ನೂರೈವತ್ತು ಚದರಡಿ, ಸ್ವಲ್ಪ ಹೆಚ್ಚು ಅಂತಿಟ್ಕೊಳ್ಳಿ. ನಿಮ್ಮ ಅಂಗಡಿ ಎಷ್ಟು?" ಎನ್ನುತ್ತಾ ರಂಗನಾಥ್ ಹಳೇ ಫೈಲು ಬಿಚ್ಚಿದರು. ಎಪ್ಪತ್ತೊಂದರ ಕರಾರು ಪತ್ರ ಹಳದಿಯಾಗಿತ್ತು. "ಹನ್ನೊಂದು ಅಡಿ, ಹದಿಮೂರು ಅಡಿ. ನೂರ ನಲವತ್ತಮೂರು. ಅಯ್ಯೋ."

ಅಂಜಿನಪ್ಪನ ಮುಖ ಬಾಡಿತು. ಏಳೆಂಟು ಚದರಡಿ! ಮೂವತ್ತು ವರ್ಷದ ಹಿಂದೆ ಮೇಸ್ತ್ರಿ ಇನ್ನೊಂದಡಿ ಹೆಚ್ಚಾಗಿ ಪಾಯ ಹಾಕಿದ್ದರೆ ಸಾಕಿತ್ತು. ಮೇಸ್ತ್ರಿಯನ್ನು ಅಲ್ಲೇ ಬೈಯಲು ಶುರುಮಾಡಿದರು.

ವನಜಾಕ್ಷಿ ಮಾತ್ರ ಕರಾರು ಪತ್ರವನ್ನೇ ನೋಡುತ್ತಿದ್ದಳು. "ಸರ್, ಇದ್ರಲ್ಲಿ ಜಗಲಿ ಸೇರಿಲ್ಲ. ಈಗ ಅವ್ರು ಜಗಲೀನೂ ಒಳಗೆ ಹಾಕ್ಕೊಂಡವ್ರೆ."

ರಂಗನಾಥ್ ನೆಟ್ಟಗೆ ಕೂತರು. "ಹೌದೇನಮ್ಮ? ಶಟರ್ ಎಲ್ಲಿದೆ?"

"ಜಗಲಿ ತುದೀಲಿ."

"ಹಾಗಾದ್ರೆ ಹೋಗಿ ಅಳ್ಕೊಂಡು ಬನ್ನಿ. ಗೋಡೆ ಸೇರಿಸಿ, ಹೊರಗಿನಳತೆ. ಈಗ ಅವರ ಕೈಲಿರೋದು ಎಷ್ಟು ಅಂತ ಪಕ್ಕಾ ಲೆಕ್ಕ ಬೇಕು. ಅಲ್ಲಿವರೆಗೂ ಯಾರ ಹತ್ರಾನೂ ಉಸಿರೆತ್ಬೇಡಿ."

ವೀರಭದ್ರಯ್ಯ ಅಮಾವಾಸ್ಯೆ ಅಮಾವಾಸ್ಯೆಗೂ ಯಡಿಯೂರಿಗೆ ಹೋಗಿ ಸಿದ್ಧಲಿಂಗೇಶ್ವರನ ದರ್ಶನ ಮಾಡಿ ಮಧ್ಯಾಹ್ನ ಬಂದು ಅಂಗಡಿ ತೆಗೆಯುವುದು ಪದ್ಧತಿ. ಫೆಬ್ರವರಿಯ ಅಮಾವಾಸ್ಯೆಯ ದಿನ ಅವನ ಬಸ್ಸು ಹೊರಟ ಸುದ್ದಿ ಬಂದದ್ದೇ ತಡ, ಇಡೀ ಸಂಸಾರ ಓಣಿಗಿಳಿಯಿತು. ಮನೆಯಲ್ಲಿ ಇದ್ದದ್ದು ವನಜಾಕ್ಷಿಯ ಹೊಲಿಗೆ ಟೇಪು ಒಂದೇ, ಐದಡಿ ಉದ್ದದ್ದು. ಎದೆ ಸೊಂಟ ಅಳೆಯುವ ಟೇಪಿನಲ್ಲಿ ಗೋಡೆ ಅಳೆಯುವುದು ಅಂದರೆ ಎಂಥ ಕಷ್ಟ! ಐದಡಿಗೊಮ್ಮೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಬೇಕು, ಮತ್ತೆ ಅಲ್ಲಿಂದ ಹಿಡಿಯಬೇಕು.

"ಬಿಗಿಯಾಗಿ ಹಿಡ್ಕೊಳ್ಳೋ ರವೀಶ. ರವಿಕೆ ಕೈ ಅಳೀತಿದ್ದೀಯಾ ಏನು!"

"ಅಪ್ಪಾ, ಮೆಲ್ಲಗೆ ಮಾತಾಡಿ. ಇಡೀ ಚಿಕ್ಕಪೇಟೆಗೆ ಕೇಳ್ತಿದೆ."

ಎದುರು ಮನೆಯ ನರಸಮ್ಮ ಕೊಡ ಹಿಡಿದು ನಿಂತರು. "ಏನಣ್ಣ, ಗೋಡೆಗೂ ಬಟ್ಟೆ ಹೊಲಿಸ್ತಿದೀರಾ?"

"ಸುಣ್ಣ ಹೊಡಿಸ್ಬೇಕು ಕಣಮ್ಮ," ಎಂದು ಅಂಜಿನಪ್ಪ ಕಣ್ಣು ಮಿಟುಕಿಸದೆ ಸುಳ್ಳು ಹೇಳಿದರು.

ಹಿಂದಿನ ಗೋಡೆಯಿಂದ ಶಟರ್‌ವರೆಗೆ ಹದಿನೇಳು ಅಡಿ. ಅಗಲ ಹನ್ನೊಂದು. ಕೃತಿಕಾ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಗುಣಿಸಿದಳು. ನೂರ ಎಂಬತ್ತೇಳು. ಅದನ್ನು ಮೀಟರಿಗೆ ತಿರುಗಿಸಿದಳು. ಒಮ್ಮೆ ತಪ್ಪಿತು, ಅಳಿಸಿದಳು, ಮತ್ತೆ ಮಾಡಿದಳು. ನಾಲ್ಕು ಜನ ಅವಳ ಪೆನ್ಸಿಲಿನ ತುದಿಯನ್ನೇ ನೋಡುತ್ತಾ ನಿಂತಿದ್ದರು.

"ಹದಿನೇಳು ಪಾಯಿಂಟ್ ಮೂರು ಏಳು!"

"ಹದಿನಾಲ್ಕು ದಾಟ್ತಾ?"

"ದಾಟ್ತು ತಾತ! ಮೂರು ಮೀಟರ್ ಮೇಲೇ ದಾಟ್ತು!"

ಅಂಜಿನಪ್ಪ ಮೊಮ್ಮಗಳನ್ನು ಎತ್ತಿಕೊಳ್ಳಲು ಹೋಗಿ ಸೊಂಟ ಹಿಡಿದುಕೊಂಡರು. ನೋವಿನಲ್ಲೂ ನಗು. "ಅವ್ನೇ ಅವ್ನ ಕಾಲ್ ಮೇಲೆ ಚಪ್ಪಡಿ ಎಳ್ಕೊಂಡವ್ನೆ! ನುಂಗಿದ ಜಗಲಿನೇ ಅವ್ನ ಗಂಟಲಿಗೆ ಸಿಕ್ಕಾಕ್ಕೊಳ್ತು ನೋಡ್ಲಾ!"

ಕೋರ್ಟ್ ಅಂದರೆ ಮಾರು ದೂರ ಹೋಗುವ ರವೀಶನೂ ನಕ್ಕುಬಿಟ್ಟ. ಆ ದಿನ ಮಧ್ಯಾಹ್ನ ಶ್ಯಾವಿಗೆ ಪಾಯಸವಾಯಿತು. ಎರಡೆರಡು ಲೋಟ ಕುಡಿದರು. ವನಜಾಕ್ಷಿ ಮನಸ್ಸಿನಲ್ಲೇ ಅಂಗಡಿ ಜೋಡಿಸಿದಳು. ಮುಂದೆ ಎರಡು ಮೆಷಿನ್, ಹಿಂದೆ ಕತ್ತರಿಸುವ ಮೇಜು, ಗೋಡೆಗೆ ಹ್ಯಾಂಗರು. ಬೋರ್ಡಿನ ಹೆಸರಿಗೆ ಮಾತ್ರ ಜಗಳ ಹತ್ತಿತು.

"ಅಂಜಿನಪ್ಪ ಟೈಲರ್ಸ್ ಅಂತ ಬರ್ಸು."

"ಮಾವ, ನಿಮಗೆ ಗುಂಡಿ ಹಾಕೋಕೂ ಬರಲ್ಲ!"

"ವನಜಾ ಯೂನಿಫಾರಂ ಟೈಲರ್ಸ್," ಎಂದು ಕೃತಿಕಾ ತೀರ್ಪು ಕೊಟ್ಟಳು. ಅದೇ ನಿಂತಿತು.

ನೋಟಿಸು ಮಾತ್ರ ಹೊರಡಲಿಲ್ಲ. ರಂಗನಾಥ್ ಯಾವುದೋ ಕೇಸಿಗೆ ಬೆಂಗಳೂರಿಗೆ ಹೋದವರು ಎರಡು ವಾರವಾದರೂ ಬರಲಿಲ್ಲ. ಗುಟ್ಟು ಕಾಯುವುದು ಐದು ಜನರ ಪಾಲಿಗೆ ಬಿತ್ತು. ನಾಲ್ಕು ಜನ ಕಾಯ್ದರು. ಐದನೆಯವರು ಮಹಾಲಕ್ಷ್ಮಮ್ಮ.

ಗಂಡಸರಿಗೆ ಮಾತಿರಲಿಲ್ಲ ಅಂದೆನಲ್ಲ, ಹೆಂಗಸರ ವಿಷಯ ಬೇರೆ. ಮಹಾಲಕ್ಷ್ಮಮ್ಮ ಪ್ರತಿ ಶುಕ್ರವಾರ, ಗಂಡ ಸ್ನಾನಕ್ಕೆ ಹೋದ ಹೊತ್ತು ನೋಡಿ, ವೀರಭದ್ರಯ್ಯನ ಅಂಗಡಿಯಲ್ಲೇ ಕರ್ಪೂರ ತರುತ್ತಿದ್ದರು. ಆ ಹೊತ್ತಿಗೆ ಗಲ್ಲಾದಲ್ಲಿ ಅವನ ಹೆಂಡತಿ ರಂಗಲಕ್ಷ್ಮಮ್ಮ ಕೂತಿರುತ್ತಿದ್ದಳು. ಮಾರ್ಚ್ ಮೊದಲ ವಾರ ಅವಳು ಖುಷಿಯಾಗಿ ಅಂದಳು:

"ಅಕ್ಕಾ, ಗಾಜಿನ ಬೀರು ಮಾಡಿಸ್ತಿದೀವಿ, ಗೋಡೆ ಉದ್ದಕ್ಕೂ. ನನ್ನ ಓಲೆ ಇಟ್ಟು ದುಡ್ಡು ತಂದವ್ರೆ."

ಮಹಾಲಕ್ಷ್ಮಮ್ಮ ಕರ್ಪೂರದ ಪೊಟ್ಟಣವನ್ನು ಗಲ್ಲಾದ ಮೇಲೇ ಇಟ್ಟರು. ಬಿಟ್ಟು ಹೋಗಬೇಕಾದ ಅಂಗಡಿಗೆ ಓಲೆ ಅಡವಿಟ್ಟು ಬೀರು ಮಾಡಿಸುವುದನ್ನು ಯಾವ ಹೆಂಗಸು ತಾನೆ ನೋಡಿಕೊಂಡಿರುತ್ತಾಳೆ?

"ಬೀರು ಬ್ಯಾಡ ಕಣ್ತಾಯಿ," ಅಂದುಬಿಟ್ಟರು. "ಓಲೆ ಬುಡಿಸ್ಕೋ ಮೊದ್ಲು."

"ಯಾಕಕ್ಕಾ?"

ಯಾಕೆ ಎಂದು ಕೇಳಿದರೆ ಹೇಳದಿರುವುದು ಹೇಗೆ? ಮಾತು ನೂಲಿನುಂಡೆಯ ಹಾಗೆ ಬಿಚ್ಚಿಕೊಂಡಿತು. ಹೊಸ ಕಾಯ್ದೆ, ಹದಿನಾಲ್ಕು ಮೀಟರು, ಜಗಲಿ, ಪಾಯಿಂಟ್ ಮೂರು ಏಳು, ಒಂದನ್ನೂ ಬಿಡಲಿಲ್ಲ. ಕೊನೆಗೆ "ಯಾರ ಹತ್ರಾನೂ ಹೇಳ್ಬ್ಯಾಡ ಕಣೇ" ಎಂದು ಕೈ ಹಿಡಿದುಕೊಂಡು ಬಂದರು.

ಮುಂದಿನ ವಾರದ ಭಾನುವಾರ ಬೆಳಿಗ್ಗೆ ಎಂಟಕ್ಕೆ ಅಂಗಡಿಯ ಕಡೆಯಿಂದ ಸುತ್ತಿಗೆ ಸದ್ದು ಕೇಳಿತು. ಅಂಜಿನಪ್ಪ ಮೈಮೇಲೆ ಟವೆಲ್ ಹೊದ್ದುಕೊಂಡೇ ಓಣಿಯ ತುದಿಗೆ ಓಡಿ ಇಣುಕಿ ನೋಡಿ, ಅಷ್ಟೇ ವೇಗದಲ್ಲಿ ವಾಪಸು ಬಂದರು.

"ಶಟರ್ ಕೀಳ್ತಾವ್ನೆ! ಖಾಲಿ ಮಾಡ್ತಾವ್ನೆ ಕಣೋ!"

ಮನೆಯೆಲ್ಲ ಗಲಿಬಿಲಿ. ಅಂಜಿನಪ್ಪ ಸಕ್ಕರೆ ಡಬ್ಬಕ್ಕೆ ಕೈ ಹಾಕಿ ಮಗನ ಬಾಯಿಗೆ, ಸೊಸೆಯ ಕೈಗೆ, ಮೊಮ್ಮಗಳ ಬಾಯಿಗೆ, ತಮ್ಮ ಬಾಯಿಗೆ ಸಕ್ಕರೆ ತುಂಬಿದರು. ಹೆಂಡತಿಗೂ ಕೊಡಲು ಹೋದರು. ಮಹಾಲಕ್ಷ್ಮಮ್ಮ ಬೇಡ ಎಂದು ಮುಖ ತಿರುಗಿಸಿದ್ದನ್ನು ಆ ಸಂಭ್ರಮದಲ್ಲಿ ಯಾರೂ ಗಮನಿಸಲಿಲ್ಲ. ಎಲ್ಲರೂ ಮುಂದಕ್ಕೆ ಓಡಿದರು.

ವೆಲ್ಡಿಂಗ್‌ನವನು ಶಟರಿನ ಚೌಕಟ್ಟು ಕೊಯ್ಯುತ್ತಿದ್ದ. ಎರಡು ಪಕ್ಕದ ತಗಡು ಆಗಲೇ ನೆಲದ ಮೇಲಿತ್ತು. ವೀರಭದ್ರಯ್ಯ ತಲೆಗೆ ಟವೆಲ್ ಸುತ್ತಿಕೊಂಡು ನಿಂತಿದ್ದ. ಏಳು ವರ್ಷದ ಮೇಲೆ ಅಂಜಿನಪ್ಪ ಅವನನ್ನು ಮಾತಾಡಿಸಿದರು. ಗೆದ್ದವನಿಗೆ ಧಾರಾಳ ಬರುತ್ತದೆ.

"ಏನ್ ವೀರಭದ್ರಯ್ಯನೋರೇ, ಬೇರೆ ಜಾಗ ನೋಡ್ಕೊಂಡ್ರಾ?"

"ನಾನ್ಯಾಕೆ ಜಾಗ ನೋಡ್ಕೋಬೇಕು?" ಎಂದ ವೀರಭದ್ರಯ್ಯ. "ಶಟರ್ ಹಿಂದಕ್ಕೆ ಹಾಕಿಸ್ತಿದೀನಿ, ಮೊದ್ಲಿದ್ದ ಜಾಗಕ್ಕೆ. ನನ್ನ ಅಂಗಡಿ ಹನ್ನೊಂದು, ಹದಿಮೂರು. ಕರಾರಲ್ಲಿರೋದು ಅಷ್ಟೇ. ಬೇಕಾದ್ರೆ ಅಳ್ಕೊಳ್ಳಿ, ನಿಮ್ಮ ಸೊಸೆ ಟೇಪ್ ಇದ್ಯಲ್ಲ!"

ಅಂಜಿನಪ್ಪನ ಬಾಯಲ್ಲಿದ್ದ ಸಕ್ಕರೆ ಕಹಿಯಾಯಿತು.

"ಅರವತ್ತೆರಡು ವರ್ಷ ನಂಗೆ," ಎಂದು ವೀರಭದ್ರಯ್ಯ ಮುಂದುವರಿಸಿದ. ದನಿ ಈಗ ಅಷ್ಟು ಜೋರಿರಲಿಲ್ಲ. "ಇಲ್ಲಿಂದೆದ್ರೆ ಮಂಡಿಪೇಟೇಲಿ ಅಂಗಡಿ ಹಿಡಿಯೋಕೇ ಪಗಡಿ ಲಕ್ಷದ್ ಮೇಲೆ ಕೇಳ್ತಾರೆ. ಬಜೆ, ಅಳಲೆಕಾಯಿ ಮಾರೋನು ಎಲ್ಲಿಂದ ತರ್ಲಿ? ನನ್ನ ಹೊಟ್ಟೆ ಮೇಲೆ ಹೊಡೀಬೇಡಿ ಅಂಜಿನಪ್ಪನೋರೇ."

"ನನ್ನ ಸೊಸೆಗೂ ಹೊಟ್ಟೆ ಐತೆ ಕಣಯ್ಯ!"

ಒಳಗೆ ಬಂದ ಮೇಲೆ ನಡೆದದ್ದನ್ನು ಜಗಳ ಅನ್ನುವುದೂ ಕಡಿಮೆಯೇ. ಹೇಳಿದವರು ಯಾರು, ಹೇಳಿದವರು ಯಾರು ಎಂದು ಅಂಜಿನಪ್ಪ ಕೂಗಿದ್ದು ಎದುರು ಮನೆಗೂ ಕೇಳಿತು. ಮಹಾಲಕ್ಷ್ಮಮ್ಮ ಒಲೆಯ ಮುಂದೆ ಬೆನ್ನು ಹಾಕಿ ಕೂತೇ ಅಂದರು:

"ನಾನೇ ಹೇಳ್ದೆ. ಓಲೆ ಅಡ ಇಟ್ಟಿದ್ಲು ಆ ಹುಡ್ಗಿ."

"ಹುಡ್ಗಿನಾ? ಐವತ್ತೈದು ವರ್ಷದವಳು ಹುಡ್ಗಿನಾ? ನಿನ್ನ ಬಾಯಿಗೊಂದು ಶಟರ್ ಹಾಕಿಸ್ಬೇಕಿತ್ತು ಕಣೇ ನಾನು!"

"ಅತ್ತೆ," ಅಂದಳು ವನಜಾಕ್ಷಿ. "ಅವರ ಓಲೆ ಕಾಣ್ತು ನಿಮಗೆ. ನಾನು ಹದಿನೈದು ವರ್ಷ ನಿಮ್ಮ ಬಚ್ಚಲ ಪಕ್ಕ ಕೂತಿದ್ದು ಕಾಣ್ಲಿಲ್ವಾ?"

ಮಹಾಲಕ್ಷ್ಮಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡರು. ಅವರು ಅತ್ತರು. ವನಜಾಕ್ಷಿಯೂ ಅತ್ತಳು. ಆ ದಿನ ಬೇಯಿಸಿದ ಅನ್ನ ಹಾಗೇ ಉಳಿಯಿತು.

ಬೆಂಗಳೂರಿನಿಂದ ಬಂದ ರಂಗನಾಥ್ ಕೇಳಿದ್ದು ಒಂದೇ ಪ್ರಶ್ನೆ: "ಶಟರ್ ಜಗಲಿ ತುದೀಲಿದ್ದಾಗ ಫೋಟೋ ತೆಗೆಸಿಟ್ಟಿದೀರಾ?" ಟೇಪು ಹಿಡಿದಿದ್ದರು, ಪಾಯಸ ಕುಡಿದಿದ್ದರು, ಫೋಟೋ ಯಾರಿಗೂ ನೆನಪಾಗಿರಲಿಲ್ಲ. "ಹಾಗಾದ್ರೆ ಕಷ್ಟ. ಈಗ ನೂರ ನಲವತ್ತಮೂರೇ. ಸಾಕ್ಷಿ ಹಿಡ್ಕೊಂಡು ಹೋರಾಡ್ಬಹುದು, ಆದ್ರೆ ವರ್ಷಗಳಾಗುತ್ತೆ."

"ನಂಗಿರೋದು ಹತ್ತು ದಿನ ಸರ್," ಅಂದಳು ವನಜಾಕ್ಷಿ.

ಮಾವ ಸೊಸೆ ನಡೆದುಕೊಂಡೇ ಮನೆಗೆ ಬಂದರು. ಹೊತ್ತು ಮಧ್ಯಾಹ್ನ. ಊಟದ ಸಮಯವಾದ್ದರಿಂದ ವೀರಭದ್ರಯ್ಯನ ಶಟರ್ ಹಾಕಿತ್ತು, ಹೊಸ ಜಾಗದಲ್ಲಿ, ಅಂದರೆ ಹಳೇ ಜಾಗದಲ್ಲಿ. ಅದರ ಮುಂದೆ ಜಗಲಿ ಬಟಾಬಯಲಾಗಿ ಬಿದ್ದಿತ್ತು. ನಾಲ್ಕಡಿ ಅಗಲ, ಹನ್ನೊಂದಡಿ ಉದ್ದ. ಮೇಲೆ ಮನೆಯ ಸಜ್ಜದ ನೆರಳು. ಒಂದು ನಾಯಿ ಆರಾಮಾಗಿ ಮಲಗಿತ್ತು. ವನಜಾಕ್ಷಿ ಓಣಿಗೆ ತಿರುಗದೆ ರಸ್ತೆಯಲ್ಲೇ ನಿಂತುಬಿಟ್ಟಳು. ಮಂಡಿಪೇಟೆಯಲ್ಲಿ ಬಟ್ಟೆ ಅಂಗಡಿಗಳ ಮುಂದೆ ಸಾಲಾಗಿ ಟೈಲರ್‌ಗಳು ಕೂರುವುದು ಎಲ್ಲಿ? ಅಂಗಡಿಯೊಳಗಲ್ಲ. ಜಗಲಿಯ ಮೇಲೆ. ಅವರ ಅಪ್ಪಂದಿರೂ ಅಲ್ಲೇ ಕೂತು ಹೊಲಿದು ಮಕ್ಕಳ ಮದುವೆ ಮಾಡಿದವರು.

"ಮಾವ, ಈ ಜಗಲಿ ಯಾರದು?"

"ನಮ್ದೇ ಕಣಮ್ಮ. ಕರಾರಲ್ಲಿಲ್ಲ ಅಂತ ನೀನೇ ಹೇಳ್ಲಿಲ್ವಾ?" ಎಂದವರು ಅರ್ಧದಲ್ಲೇ ನಿಂತರು. ಸೊಸೆಯ ಮುಖ ನೋಡಿದರು, ಜಗಲಿ ನೋಡಿದರು. ಆಮೇಲೆ ಓಣಿಯ ಕಡೆ ತಿರುಗಿ ಬಸ್ಸಿನ ದನಿಯಲ್ಲಿ ಕೂಗಿದರು. "ಏ ರವೀಶ! ಮೆಷಿನ್ ಎತ್ಕೊಂಡ್ ಬಾರ್‍ಲಾ!"

ರವೀಶ್ ಊಟಕ್ಕೆಂದು ಮನೆಗೆ ಬಂದಿದ್ದ. ಎಂದೂ ಯಾವುದಕ್ಕೂ ಮುನ್ನುಗ್ಗದವನು ಅವತ್ತು ಎಂಜಲು ಕೈ ತೊಳೆದು ಬಂದು ಮೆಷಿನ್ನಿನ ಒಂದು ತುದಿ ಹಿಡಿದ. ನಾಯಿ ಎದ್ದು ಹೋಯಿತು. ಅಂಗಡಿಗೆ ಬರುವವರಿಗೆ ಮೂರಡಿ ದಾರಿ ಬಿಟ್ಟು, ಉಳಿದ ಜಾಗದಲ್ಲಿ ಮೆಷಿನ್ ಕೂತಿತು. ಮೂರು ಗಂಟೆಗೆ ವೀರಭದ್ರಯ್ಯ ಬಂದಾಗ ವನಜಾಕ್ಷಿ ಒಂದು ರವಿಕೆಯ ತೋಳು ಜೋಡಿಸುತ್ತಿದ್ದಳು.

"ಏನಿದು? ನನ್ನ ಅಂಗಡಿ ಮುಂದೆ ಏನಿದು? ಏಳಮ್ಮ ಮೇಲೆ!"

ವನಜಾಕ್ಷಿ ಮೆಷಿನ್ ನಿಲ್ಲಿಸಿದಳು. ನಗುಮುಖದಲ್ಲೇ ಕೇಳಿದಳು:

"ನಿಮ್ಮ ಅಂಗಡಿ ಎಲ್ಲಿವರ್‍ಗೂ ಬರುತ್ತೆ ಯಜಮಾನ್ರೇ? ಇಲ್ಲಿವರ್‍ಗೂ ಬರುತ್ತೆ ಅನ್ನಿ, ಈಗ್ಲೇ ಎದ್ದೋಗ್ತೀನಿ. ಹೋಗಿ ವಕೀಲರ ಹತ್ರ ನೀವಂದಿದ್ದನ್ನೇ ಬರೆಸ್ತೀನಿ. ಹದಿನೇಳು ಅಡಿ ಅಂತ."

ವೀರಭದ್ರಯ್ಯ ಜಗಲಿ ನೋಡಿದ, ಶಟರ್ ನೋಡಿದ. ವ್ಯಾಪಾರಿ ಮನುಷ್ಯ, ಲೆಕ್ಕ ಬೇಗ ಆಗುತ್ತದೆ. ಬೀಗದ ಕೈ ತೆಗೆದು, ಮೂರಡಿ ದಾರಿಯಲ್ಲಿ ಪಕ್ಕಕ್ಕೆ ತಿರುಗಿ ನಡೆದು, ಶಟರನ್ನು ಕಿವಿ ಕಿತ್ತುಹೋಗುವ ಹಾಗೆ ಮೇಲೆತ್ತಿದ.

ಆಮೇಲಿನ ಹತ್ತು ದಿನ ಜಗಲಿಯ ಮೇಲೆ ಮಾತಿಲ್ಲದ ಯುದ್ಧ. ಅವನು ಬೆಳಿಗ್ಗೆ ಬೇಕೆಂದೇ ಬಕೀಟು ಬಕೀಟು ನೀರು ಚೆಲ್ಲಿ ಅಂಗಡಿ ತೊಳೆಯುತ್ತಿದ್ದ. ಇವಳು ಮೆಷಿನ್ನಿನ ಕಾಲಿಗೆ ಇಟ್ಟಿಗೆ ಕೊಟ್ಟಳು. ಅವನು ಬಾಗಿಲಲ್ಲೇ ಮೆಣಸಿನಕಾಯಿ ಜರಡಿ ಹಿಡಿದ. ಇವಳು ಸೀನುತ್ತಲೇ ಹೊಲಿದಳು. ಆದರೆ ನೀಲಿ ಬೋರ್ಡು ಬಂತು, ಬಿಳಿ ಅಕ್ಷರದಲ್ಲಿ. ರಸ್ತೆಯಲ್ಲಿ ಹೋಗುವವರು ತಿರುಗಿ ನೋಡಿದರು. ನಾಲ್ಕನೇ ದಿನ ಗುರುತು ಪರಿಚಯವಿಲ್ಲದ ಹೆಂಗಸೊಬ್ಬಳು ನಿಂತು "ಟೈಲರಮ್ಮಾ, ಒಂದು ಚೂಡಿದಾರ್ ಎಷ್ಟಾಗುತ್ತೆ?" ಎಂದು ಕೇಳಿದಳು. ವನಜಾಕ್ಷಿಗೆ ಒಂದು ಗಳಿಗೆ ತನ್ನನ್ನೇ ಕರೆದದ್ದು ಅಂತ ಗೊತ್ತಾಗಲಿಲ್ಲ. ಗೊತ್ತಾದಾಗ ಆದ ಸಂತೋಷಕ್ಕೆ ರೇಟನ್ನು ಹತ್ತು ರೂಪಾಯಿ ಕಡಿಮೆ ಹೇಳಿಬಿಟ್ಟಳು. ಮಹಾಲಕ್ಷ್ಮಮ್ಮ ದಿನಾ ಹನ್ನೊಂದಕ್ಕೆ ಕಾಫಿ ತಂದು ಸೊಸೆಯ ಮುಂದೆ ಇಡುತ್ತಿದ್ದರು. ಮೊದಲೆರಡು ದಿನ ಸೊಸೆ ಮುಟ್ಟಲಿಲ್ಲ, ಮೂರನೇ ದಿನ ಕುಡಿದಳು.

ಮಾರ್ಚ್ ಕೊನೆಯ ಶನಿವಾರ ಹೊನ್ನಯ್ಯನವರು ಕಮಿಟಿಯ ಮೂವರನ್ನು ಕರೆದುಕೊಂಡು ಬಂದರು. ಅಂಜಿನಪ್ಪ ಇಸ್ತ್ರಿ ಶರಟು ತೊಟ್ಟು ನಿಂತಿದ್ದರು. ರವೀಶ್ ಅರ್ಧ ದಿನ ರಜ ಹಾಕಿದ್ದ. ಕಮಿಟಿಯ ಇಬ್ಬರು ಹೊಲಿಗೆ ತಿರುಗಿಸಿ ನೋಡಿ ತಲೆಯಾಡಿಸಿದರು. ಮೂರನೆಯವರು ಗಂಗಹನುಮಯ್ಯ, ರಿಟೈರ್ಡ್ ಮೇಷ್ಟ್ರು, ಕಿವಿ ಸ್ವಲ್ಪ ಮಂದ. ಅವರು ಹೊಲಿಗೆ ನೋಡಲಿಲ್ಲ. ಕೋಲಿನಿಂದ ಜಗಲಿ ತಟ್ಟಿದರು.

"ಇದು ಅಂಗಡಿ ಮುಂದಿನ ಜಾಗ. ನಾಳೆ ಅಂಗಡಿಯವರು ಎಬ್ಬಿಸಿದ್ರೆ ನಮ್ಮ ಮಕ್ಕಳ ಬಟ್ಟೆ ಗತಿ ಏನು? ಮನೆಯವರು ನಮ್ದು ಅಂತಲೇ ಹೇಳ್ತಾರೆ. ನಾನು ಅಂಗಡಿಯವರ ಬಾಯಿಂದಲೇ ಕೇಳ್ಬೇಕು. ಏನ್ ಸ್ವಾಮಿ, ಈ ಜಗಲಿ ಯಾರದು?"

ವೀರಭದ್ರಯ್ಯ ತಕ್ಕಡಿ ಹಿಡಿದು ನಿಂತಿದ್ದ. ಅವನು 'ನಂದು' ಎಂದು ಒಂದು ಮಾತು ಅಂದರೆ ಸಾಕು, ಆರ್ಡರು ಆ ಕ್ಷಣವೇ ಬಿ.ಎಚ್. ರಸ್ತೆಗೆ ಹೋಗುತ್ತದೆ. ಆಮೇಲೆ ಕೋರ್ಟಿಗೆ ಹೋಗಿ ಅಂಗಡಿ ಗೆದ್ದರೂ ಈ ವರ್ಷದ ಮಕ್ಕಳು ಬರುವುದಿಲ್ಲ. ಅದು ಅವನಿಗೂ ಗೊತ್ತಿತ್ತು. ಅವನ ಕಣ್ಣು ವನಜಾಕ್ಷಿಯ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ಪಕ್ಕದಲ್ಲಿ ಸಾಕ್ಷಿಗೆ ಅಂತಲೇ ನಿಂತ ಹಾಗಿದ್ದ ಅಂಜಿನಪ್ಪನ ಮೇಲೆ, ಮೂವರು ಕಮಿಟಿಯವರ ಮೇಲೆ, ಎದುರಿಗೆ ಕೊಡ ಹಿಡಿದು ನಿಂತ ನರಸಮ್ಮನ ಮೇಲೆ ಹೋಯಿತು. ಅಷ್ಟು ಜನರ ಮುಂದೆ ನಂದು ಅಂದರೆ ಆಮೇಲೆ ಇಲ್ಲ ಅನ್ನುವುದಕ್ಕೆ ಆಗುವುದಿಲ್ಲ.

"ಅವರದ್ದೇ," ಎಂದ, ಕರ್ಪೂರದ ಪೊಟ್ಟಣಕ್ಕೆ ಹೇಳಿದ ಹಾಗೆ.

"ಏನಂದ್ರಿ?"

"ಸ್ವಲ್ಪ ಗಟ್ಟಿಯಾಗಿ ಹೇಳಿ ವೀರಭದ್ರಯ್ಯನೋರೇ," ಎಂದರು ಅಂಜಿನಪ್ಪ, ಬಹಳ ವಿನಯದಿಂದ. "ಮೇಷ್ಟ್ರಿಗೆ ಕಿವಿ ಮಂದ."

"ಜಗಲಿ ಅವರದ್ದು ಸ್ವಾಮಿ!" ಎಂದು ವೀರಭದ್ರಯ್ಯ ಕೂಗಿದ. ಆಚೆ ಬೀದಿಗೂ ಕೇಳಿರಬೇಕು. "ಅವರದ್ದು, ಅವರದ್ದೇ! ನಂಗೂ ಅದಕ್ಕೂ ಸಂಬಂಧವೇ ಇಲ್ಲ!"

ಏಳು ವರ್ಷ ಕಾದ ಮಾತು. ಅಂಜಿನಪ್ಪ ಕಣ್ಣು ಮುಚ್ಚಿಕೊಂಡು ಕೇಳಿದರು. ಗಂಗಹನುಮಯ್ಯನವರು "ಹಾಗಾದ್ರೆ ಸರಿ" ಎಂದು ಕೋಲು ಎತ್ತಿಕೊಂಡರು. ಹೊನ್ನಯ್ಯನವರು ಅಂದರು, "ಸೋಮವಾರದಿಂದ ಕ್ಲಾಸಿಗೆ ಇಷ್ಟು ಅಂತ ನೂರಿಪ್ಪತ್ತು ಮಕ್ಕಳನ್ನೂ ಕಳಿಸ್ತೀನಿ ಕಣಮ್ಮ. ಅಪ್ಪ ಅಮ್ಮನ ಜೊತೆಗೇ ಬರ್ತಾರೆ." ವನಜಾಕ್ಷಿ ಕೈ ಮುಗಿಯುವಷ್ಟರಲ್ಲಿ ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ರವೀಶ್ ನಡುಬೀದಿಯಲ್ಲಿ, ಅಪ್ಪನ ಎದುರಿಗೇ, ಹೆಂಡತಿಯ ಬೆನ್ನು ತಟ್ಟಿದ.

ಅಂಗಡಿಯೊಳಗೆ ವೀರಭದ್ರಯ್ಯ ಬೆರಳು ಮಡಿಸುತ್ತಿದ್ದ. ನೂರಿಪ್ಪತ್ತು ಮಕ್ಕಳು, ಒಂದೊಂದಕ್ಕೂ ಅಪ್ಪ ಅಮ್ಮ. ಎಲ್ಲರೂ ಇದೇ ಮೂರಡಿ ದಾರಿಯಲ್ಲಿ ನಿಲ್ಲಬೇಕು.

"ಲೇ," ಎಂದು ಹೆಂಡತಿಗೆ ಮೆಲ್ಲಗೆ ಹೇಳಿದ. "ಪೆಪ್ಪರ್‌ಮೆಂಟ್ ಡಬ್ಬ ಮುಂದಕ್ಕಿಡು."

ರಂಗಲಕ್ಷ್ಮಮ್ಮ ದೊಡ್ಡ ಗಾಜಿನ ಡಬ್ಬ ಎತ್ತಿಕೊಂಡು ಬಂದು, ಮಕ್ಕಳ ಕೈಗೆ ಸಿಗಲಿ ಎಂದು ಶಟರಿನ ಆಚೆಗೆ, ಜಗಲಿಯ ಅಂಚಿಗೆ ಇಟ್ಟಳು. ವೀರಭದ್ರಯ್ಯ ಗಲ್ಲಾ ಬಿಟ್ಟು ಹಾರಿ ಬಂದ.

"ಅಲ್ಲಲ್ಲ ಕಣೇ! ಒಳಗೆ, ಒಳಗೆ! ಗೆರೆ ದಾಟ್‌ಬ್ಯಾಡ!"